ಸ್ಟೀಲ್ ಕುಕ್ಕರ್ ಕೊಂಡೆ, ಇಲಿಗಳ ಕಥೆಗೆ ಹೆದರಿ ಅಲ್ಲ

ಮೂರು ಪದರದ, ಐದು ಲೀಟರಿನ ಸ್ಟೀಲ್ ಕುಕ್ಕರ್ ತಂದು ನಾಲ್ಕು ತಿಂಗಳಾಯಿತು. ಕೊಟ್ಟಿದ್ದು 3,900 ರೂಪಾಯಿ. ಅಂಗಡಿ ಹುಡುಗ ಮಾರಿದ್ದೇ ಹೆದರಿಸಿ. "ಅಮ್ಮಾ, ಅಲ್ಯೂಮಿನಿಯಂ ತಿಂದ ಇಲಿಗಳ ಲಿವರ್, ಕಿಡ್ನಿ ಎಲ್ಲಾ ಹಾಳಾಗಿದೆಯಂತೆ. ವಾಟ್ಸಾಪಲ್ಲಿ ನೋಡಿಲ್ವಾ?" ಅಂದ. ನನಗೆ ನಗು ಬಂತು. ಅಂಥ ಇಲಿಗಳಿಗೆ ಅಲ್ಯೂಮಿನಿಯಂ ಕುಡಿಸಿದವಳೇ ನಾನು. ಮೆಡಿಕಲ್ ಕಾಲೇಜೊಂದರ ಅನಿಮಲ್ ಹೌಸಿನಲ್ಲಿ, ಅಂದರೆ ಪ್ರಯೋಗಕ್ಕೆ ಪ್ರಾಣಿ ಸಾಕುವ ಕಡೆ, ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವಳು.

ಹುಡುಗ ಸುಳ್ಳೇನೂ ಹೇಳಲಿಲ್ಲ. ಅರ್ಧ ಹೇಳಿದ, ಅಷ್ಟೇ. ವಿಸ್ಟಾರ್ ಅನ್ನುವ ತಳಿಯ ಬಿಳಿ ಲ್ಯಾಬ್ ಇಲಿಗಳು. ಅಲ್ಯೂಮಿನಿಯಂ ಕ್ಲೋರೈಡನ್ನು ನೀರಲ್ಲಿ ಕರಗಿಸಿ, ತುದಿ ಗುಂಡಗಿರುವ ಸೂಜಿಯಿಂದ ಸೀದಾ ಹೊಟ್ಟೆಗೇ ಬಿಡುತ್ತಿದ್ದೆವು. ಕೆಜಿ ತೂಕಕ್ಕೆ 100 ಮಿಲಿಗ್ರಾಂ, ದಿನಾ. ವಾರಗಳು ಕಳೆದರೂ ಅವು ಮೈ ತುಂಬಿಕೊಳ್ಳುತ್ತಿರಲಿಲ್ಲ. ರಕ್ತದಲ್ಲಿ ಲಿವರ್ ಕಿಣ್ವ, ಯೂರಿಯಾ, ಕ್ರಿಯಾಟಿನಿನ್ ಏರುತ್ತಿದ್ದವು, ಲಿವರ್, ಕಿಡ್ನಿ ಕೆಡುತ್ತಿರುವ ಗುರುತು. ಸ್ಲೈಡಿನಲ್ಲಿ ನೋಡಿದರೆ ಲಿವರಿನ ಜೀವಕೋಶಗಳು ಊದಿಕೊಂಡಿರುತ್ತಿದ್ದವು, ಕಿಡ್ನಿಯ ಸಣ್ಣ ನಾಳಗಳ ಒಳಪದರ ಉದುರಿರುತ್ತಿತ್ತು. ಅವುಗಳ ಪಂಜರಕ್ಕೆ ಹಾಸುತ್ತಿದ್ದ ಭತ್ತದ ಹೊಟ್ಟಿನ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಆದರೆ ಲೆಕ್ಕ ಹಾಕಿ. ಆ ಅಲ್ಯೂಮಿನಿಯಂ ಕ್ಲೋರೈಡಿನಲ್ಲಿ ಅಲ್ಯೂಮಿನಿಯಂ ಐದರಲ್ಲಿ ಒಂದು ಪಾಲು. ನನ್ನ ತೂಕ 60 ಕೆಜಿ. ಇಲಿಯ ಡೋಸನ್ನೇ ನನಗೂ ಕೊಡುವುದಾದರೆ ದಿನಕ್ಕೆ 1,200 ಮಿಲಿಗ್ರಾಂ ಅಲ್ಯೂಮಿನಿಯಂ ನುಂಗಬೇಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2008ರಲ್ಲಿ ಹಾಕಿದ ಮಿತಿ ವಾರಕ್ಕೆ ಕೆಜಿಗೆ 1 ಮಿಲಿಗ್ರಾಂ. ನನಗೆ ವಾರವಿಡೀ 60. ಅದರಲ್ಲೂ ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಶೇಕಡಾ ಒಂದಕ್ಕಿಂತ ಕಡಿಮೆ.

ಮತ್ತೆ ಯಾಕೆ ಕೊಂಡೆ? ನಮ್ಮ ಮಾವನವರಿಗೆ ಕಿಡ್ನಿ ಸೋತಿದೆ. ರಕ್ತಕ್ಕೆ ಸೇರಿದ ಅಲ್ಯೂಮಿನಿಯಂ ಹೊರಗೆ ಹೋಗುವ ದಾರಿಯೇ ಕಿಡ್ನಿ. ಅದು ಕೈಕೊಟ್ಟರೆ ಮೂಳೆಯಲ್ಲಿ, ಮಿದುಳಿನಲ್ಲಿ ಕೂರುತ್ತದೆ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂನಿಂದ ಎಷ್ಟೋ ರೋಗಿಗಳ ಮಾತು ತೊದಲಿತು, ಮರೆವು ಹತ್ತಿತು. ನಮ್ಮನೆಯಲ್ಲಿ ದಿನಾ ಹುಣಸೆಹುಳಿ ಹಾಕಿದ ಸಾರು ಬೇರೆ. ಹುಳಿಗೆ ಅಲ್ಯೂಮಿನಿಯಂ ಜಾಸ್ತಿ ಕರಗುತ್ತದೆ. ಹಳೆ ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾದಾಗ ನಿಂಬೆ ಸಿಪ್ಪೆ ಹಾಕಿ ಕುದಿಸಿ ಫಳಫಳ ಮಾಡುತ್ತಿದ್ದೆ. ಆ ಫಳಫಳ ಅಂದರೆ ಮೇಲಿನ ಪದರ ನೀರಿಗೆ ಹೋಯಿತು ಅಂತ. ಲ್ಯಾಬಿನಲ್ಲಿದ್ದವಳಿಗೆ ಮನೆಯಲ್ಲಿ ಹೊಳೆಯಲಿಲ್ಲ ನೋಡಿ!

ಇನ್ನು ಕುಕ್ಕರ್ ಹೇಗಿದೆ? ಭಾರ. ತುಂಬಿದ ಮೇಲೆ ಒಂದೇ ಕೈಯಲ್ಲಿ ಎತ್ತಲು ನನಗಂತೂ ಆಗುವುದಿಲ್ಲ. ಕಾಯಲು ಹಳೆಯದಕ್ಕಿಂತ ತುಸು ಹೊತ್ತು ಬೇಕು. ಒಮ್ಮೆ ಕಾದರೆ ಉರಿ ಪೂರ್ತಿ ಸಣ್ಣ ಮಾಡಬೇಕು, ಇಲ್ಲಾಂದ್ರೆ ಬೇಳೆ ತಳ ಹಿಡಿಯುತ್ತದೆ. ಮೊದಲ ವಾರ ಎರಡು ಸಲ ಸೀದಿತು. ಈಗ ತೊಗರಿಬೇಳೆ ಮೂರು ವಿಷಲ್‌ಗೆ ಬೆಣ್ಣೆ ಹಾಗೆ ಬೇಯುತ್ತದೆ. ತಮಾಷೆ ಏನು ಗೊತ್ತಾ, ಬಿಸಿ ಎಲ್ಲಾ ಕಡೆ ಸಮನಾಗಿ ಹರಡಲಿ ಅಂತ ಎರಡು ಸ್ಟೀಲ್ ಪದರಗಳ ನಡುವೆ ಇಟ್ಟಿರುವುದು ಅಲ್ಯೂಮಿನಿಯಮ್ಮನ್ನೇ. ಊಟಕ್ಕೆ ತಾಗುವುದಿಲ್ಲ, ಪರವಾಗಿಲ್ಲ.

ಬೇಸರ ಗ್ಯಾಸ್ಕೆಟ್ಟಿನದು. ಮೂರನೇ ತಿಂಗಳಿಗೇ ಸಡಿಲವಾಗಿ ಪಕ್ಕದಿಂದ ಹಬೆ ಬರತೊಡಗಿತು. ಅಂಗಡಿಗೆ ಹೋದರೆ "ಅದಕ್ಕೆ ವಾರಂಟಿ ಬರಲ್ಲ ಅಮ್ಮಾ" ಅಂದ ಅದೇ ಹುಡುಗ. ಕುಕ್ಕರಿಗೆ ಐದಕ್ಕೆ ನಾಲ್ಕು, ಅಂಗಡಿಗೆ ಎರಡು. ಹಳೆಯದನ್ನು ಎಸೆದಿಲ್ಲ, ಕಡಲೆಕಾಯಿ ಬೇಯಿಸುತ್ತೇನೆ.