ಶಾಲೆಯಲ್ಲಿ ಮೊದಲು ಯಾವುದು: ಕಾಗದ ಉಳಿತಾಯವೋ, ಗೊಬ್ಬರವೋ, ಕೈತೋಟವೋ?

ಖರ್ಚು ನೋಡಿದರೆ ಕಾಗದ ಉಳಿತಾಯವೇ ಸಲೀಸು. ಒಂದೇ ಬದಿ ಬರೆದ ಹಾಳೆಗೆ ತರಗತಿಗೊಂದು ಡಬ್ಬ ಇಟ್ಟರೆ ನಾಳೆಯೇ ಶುರು. ಆದರೆ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ.

ಗೊಬ್ಬರಕ್ಕೆ ಜಾಗ ಕಡಿಮೆ ಸಾಕು, ತಾಳ್ಮೆ ಜಾಸ್ತಿ ಬೇಕು. ಕೆಲವು ತಿಂಗಳು ಕಾಯಬೇಕಲ್ವಾ? ಹಸಿ ಸಿಪ್ಪೆಯ ಮೇಲೆ ಪ್ರತಿ ಸಲ ಒಣ ಎಲೆ ಹಾಕದಿದ್ದರೆ ಗಾಳಿಯಾಡದೆ ನಾರುತ್ತದೆ. ಮೊದಲ ದೂರು ಪಕ್ಕದ ತರಗತಿಯದೇ! ಆದರೂ ಬುಟ್ಟಿ ಕೆದಕಿದಾಗ ಎರೆಹುಳು ಕಂಡರೆ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಕಲಿಕೆಗೆ ಕೈತೋಟ ಚೆನ್ನ. ಸಣ್ಣ ಕೆಂಪು ಮೂಲಂಗಿ ಸುಮಾರು ತಿಂಗಳಲ್ಲೇ ಕೀಳಲು ಬರುತ್ತದೆ. ತೊಡಕು ದೊಡ್ಡ ರಜೆಯದು: ನೀರು ಹಾಕುವವರು ಯಾರು?

ರಜೆಯಲ್ಲೂ ಬರುವವರಿದ್ದರೆ ತೋಟ ಮಾಡಿ. ಸಿಪ್ಪೆ, ಒಣ ಎಲೆ ಎರಡೂ ಧಾರಾಳವಾಗಿದ್ದರೆ ಗೊಬ್ಬರ. ಓಡಾಡುವ ಶಿಕ್ಷಕರು ಒಬ್ಬರೇ ಇದ್ದರೆ ಸದ್ಯಕ್ಕೆ ಕಾಗದ ಸಾಕು.