ಮೋಲ್ಡ್ ನಿಲ್ಲಿಸಿದ ಎಂಜಿನಿಯರ್: ಐದಕ್ಕೆ ನಾಲ್ಕು

ಹದಿನಾರು ವರ್ಷದಿಂದ ನನ್ನ ವಿಸಿಟಿಂಗ್ ಕಾರ್ಡಿನ ಮೇಲೂ ಎಂಜಿನಿಯರ್ ಅಂತಲೇ ಇದೆ, ಸಾಫ್ಟ್‌ವೇರ್. ಮೈಸೂರಿನ ಬೋಗಾದಿಯ 30-40 ಸೈಟಲ್ಲಿ ಮನೆ ಕಟ್ಟಿಸಲು ಹೊರಟಾಗ ನಮ್ಮ ಮಾವ, "ಮೇಸ್ತ್ರಿಗೇ ಎಲ್ಲ ಗೊತ್ತು, ಸ್ಟ್ರಕ್ಚರಲ್‌ನವರಿಗೆ ಯಾಕೆ ದುಡ್ಡು ಸುರೀತೀಯ?" ಅಂದಿದ್ದರು. ಆದರೂ ಕಂಬಿ-ಕಾಂಕ್ರೀಟಿನ ಬಲ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರಿಗೆ 35 ಸಾವಿರ ಸುರಿದೆ. ಲೆಕ್ಕ, ಡ್ರಾಯಿಂಗು, ಐದು ಸಲ ಸೈಟಿಗೆ ಬರುವುದು, ಇಷ್ಟು ಮಾತಾಗಿತ್ತು.

ಮೊದಲ ಮೋಲ್ಡಿನ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನದ, ಹಿಂದಿನ ಸಂಜೆ ಎಂಜಿನಿಯರ್ ಬಂದರು. ಸೆಂಟ್ರಿಂಗ್ (ಕಾಂಕ್ರೀಟ್ ಹೊರಲು ಕಟ್ಟಿದ ಹಲಗೆ) ಹತ್ತಿ, ಟೇಪು ಹಿಡಿದು ನೇರ ಬಾಲ್ಕನಿಗೆ ಹೋದರು. ಕಂಬಿ ಕಟ್ಟಿದವರು ಓಡಾಡಿ, ಮೇಲಿನ ಕಂಬಿಯನ್ನೆಲ್ಲ ತುಳಿದು ಕೆಳಕ್ಕೆ ಕೂರಿಸಿದ್ದರು. ಒಳಗಿನ ಸ್ಲ್ಯಾಬ್ ಭಾರಕ್ಕೆ ಜಗ್ಗಿದಾಗ ನಡುವೆ ಎಳೆತ ಬೀಳುವುದು ತಳಭಾಗಕ್ಕೆ; ಆಚೆ ಚಾಚಿಕೊಂಡ ಬಾಲ್ಕನಿಯಲ್ಲಿ ಮೇಲ್ಭಾಗಕ್ಕೆ. ಅಲ್ಲಿ ಕಂಬಿ ಕೆಳಗಿಳಿದರೆ ಇದ್ದೂ ಇಲ್ಲದ ಹಾಗೆ. "ನಾಳೆ ಕಾಂಕ್ರೀಟ್ ಬೇಡ. ಕಂಬಿ ಎತ್ತಿ ಚೇರ್ ಕೊಡಿ" ಅಂದರು. ಚೇರ್ ಅಂದರೆ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, ಬಾಗಿಸಿದ ಕಂಬಿಯ ಕಾಲು. "ಮಿಕ್ಸರು, ಲಿಫ್ಟು, ಇಪ್ಪತ್ತು ಜನ ಹೇಳಿಬಿಟ್ಟಿದ್ದೀನಿ ಸಾರ್" ಅಂತ ಮೇಸ್ತ್ರಿ ಗೋಗರೆದ. ಇವರು ದನಿ ಕೂಡ ಏರಿಸಲಿಲ್ಲ. ಒಂದು ದಿನ ಕೆಲಸ ನಿಂತಿತು, ಕೂಲಿ ನನ್ನ ತಲೆ ಮೇಲೆ.

ಶುಕ್ರವಾರ ಸಂಜೆಯ ಸಾಫ್ಟ್‌ವೇರ್ ರಿಲೀಸ್ ತಡೆಯಲು ಹೋಗಿ, "ಸದ್ಯ ಬಿಡಿ, ತಪ್ಪಿದ್ದರೆ ಸೋಮವಾರ ಪ್ಯಾಚ್ ಹಾಕೋಣ" ಅನ್ನಿಸಿಕೊಂಡು ಸುಮ್ಮನೆ ಕೂತವನು ನಾನು. ಇವರ ಕಸುಬಿನಲ್ಲಿ ಆ ಸೋಮವಾರವೇ ಇಲ್ಲ.

ತುಂಬಾ ಹಿಡಿಸಿದ್ದು ಕಾಂಕ್ರೀಟಿನ ಕ್ಯೂಬು ಪರೀಕ್ಷೆ. ಮೇಲಕ್ಕೆ ಹೋಗುತ್ತಿದ್ದ ಅದೇ ಕಾಂಕ್ರೀಟನ್ನು 150 ಮಿ.ಮೀ. ಅಚ್ಚುಗಳಿಗೆ ತುಂಬಿಸಿದರು. 7ನೇ ದಿನ ಮೂರು, 28ನೇ ದಿನ ಮೂರು ಲ್ಯಾಬಿನಲ್ಲಿ ಒಡೆಸಿದ್ದಾಯಿತು. ಎಂ20 ದರ್ಜೆಯ ಕಾಂಕ್ರೀಟ್ ಅಂದರೆ 28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕು. ನಮ್ಮಲ್ಲೋ ಟೆಸ್ಟ್ ಮಾಡುವ ಸರ್ವರ್ ಒಂದು, ಗ್ರಾಹಕರು ಬಳಸುವುದು ಇನ್ನೊಂದು; ಒಡೆದು ನೋಡಿದ ಕ್ಯೂಬು ಒಂದು, ಮೇಲೆ ಹಾಕಿದ ಕಾಂಕ್ರೀಟು ಇನ್ನೊಂದು ಆದ ಹಾಗೆ. 1996ರಲ್ಲಿ ಏರಿಯಾನ್-5 ರಾಕೆಟ್ ಮೇಲೆದ್ದು ಒಂದು ನಿಮಿಷವೂ ಆಗುವ ಮೊದಲೇ ಚೂರಾಯಿತಲ್ಲ, ಅಲ್ಲೂ ಇದೇ ಕಥೆ. ಏರಿಯಾನ್-4ರ ಕೋಡನ್ನು ಹೊಸ ರಾಕೆಟ್ಟಿನ ಹಾದಿಯ ಅಂಕಿ ಕೊಟ್ಟು ನೋಡದೆ ಹಾಗೇ ಎತ್ತಿ ಹಾಕಿದ್ದರು. 64 ಬಿಟ್ಟಿನ ದೊಡ್ಡ ಸಂಖ್ಯೆ 16 ಬಿಟ್ಟಿನ ಚಿಕ್ಕ ಜಾಗದೊಳಗೆ ಹಿಡಿಸಲಿಲ್ಲ.

ಒಂದು ನಕ್ಷತ್ರ ಕಿತ್ತುಕೊಂಡಿದ್ದು ಡ್ರಾಯಿಂಗಿನ ವಿಷಯಕ್ಕೆ. ತಿದ್ದಿದಾಗಲೆಲ್ಲ ವಾಟ್ಸಾಪಿನಲ್ಲಿ ಪಿಡಿಎಫ್ ಬಿಸಾಕುತ್ತಾರೆ, ಅಷ್ಟೇ. ಕಂಬಿ ಕತ್ತರಿಸುವವನ ಕೈಯಲ್ಲಿ ಹಳೇ ಪ್ರಿಂಟು. ಮೆಟ್ಟಿಲಿಗೆ 12 ಎಂ.ಎಂ. ಬದಲು 10 ಕತ್ತರಿಸಿಟ್ಟಿದ್ದ. ಇಂಥದ್ದಕ್ಕೇ ನಮ್ಮಲ್ಲಿ ಗಿಟ್ ಅನ್ನುವ, ಕೋಡಿನ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಇದೆ: ಯಾವ ಸಾಲನ್ನು ಯಾರು, ಯಾವತ್ತು ಬದಲಾಯಿಸಿದರು ಅಂತ ಕೂತಲ್ಲೇ ಸಿಗುತ್ತದೆ. ಕೊನೆಗೆ ನಾನೇ ಪ್ರತಿ ಹಾಳೆಯ ಮೂಲೆಗೆ ತಾರೀಕು ಬರೆದು, ಹಳೆಯದನ್ನು ಸೈಟಿನಲ್ಲೇ ಹರಿದು ಹಾಕಲು ಶುರುಮಾಡಿದೆ. ಎಂಜಿನಿಯರ್ ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಫೋನು ಬೆಳಿಗ್ಗೆ ಹತ್ತರೊಳಗೆ ಮಾಡಿದರೆ ಮಾತ್ರ ಎತ್ತುತ್ತಾರೆ. ಇನ್ನು ಸೈಟ್ ವಿಸಿಟ್ ಎಷ್ಟು, ಯಾವಾಗ ಅಂತ ಮೊದಲೇ ಬರೆಸಿಕೊಳ್ಳಿ. ಮೋಲ್ಡಿನದ್ದು ಹಿಂದಿನ ಸಂಜೆ ಬೇಡ, ಎರಡು ದಿನ ಮುಂಚೆಯೇ ಇರಲಿ. ಇಪ್ಪತ್ತು ಜನರ ಕೂಲಿ ಉಳಿಯುತ್ತದೆ.