ತಿಂಗಳಿಗೊಂದು ದೇಶವೋ, ಎಲ್ಲ ದೇಶಕ್ಕೂ ಒಂದೇ ಪ್ರಶ್ನೆಯೋ?

ನಮ್ಮ ಗುಂಪಿನಲ್ಲಿ ಏಳು ಮನೆಗಳಿವೆ. ಮಕ್ಕಳು ಹದಿಮೂರು, ಐದು ವರ್ಷದವರಿಂದ ಹನ್ನೆರಡರವರೆಗೆ. ಒಂದು ಮನೆಯಲ್ಲಿ ತಾಯಿ ಕೆನ್ಯಾದವರು, ಇನ್ನೊಂದರಲ್ಲಿ ತಂದೆ ಜಪಾನಿನವರು, ಮತ್ತೊಂದರಲ್ಲಿ ತಂದೆ ಘಾನಾದವರು. ಸ್ಪೇನ್, ಹಂಗೇರಿ, ಇಂಡೋನೇಷ್ಯಾ ಕಡೆಯವರೂ ಇದ್ದಾರೆ. ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಮಕ್ಕಳಿಗೆ ಬೇರೆ ದೇಶಗಳ ಪರಿಚಯವಾಗಲಿ, ಅಲ್ಲಿಯ ಜನ ಹೇಗೆ ಬದುಕುತ್ತಾರೆ ಅಂತ ಗೊತ್ತಾಗಲಿ ಅನ್ನುವುದೇ ಉದ್ದೇಶ.

ಎರಡು ವರ್ಷದಲ್ಲಿ ಐದು ದಾರಿ ಹಿಡಿದು ನೋಡಿದ್ದೇವೆ. ಇಂಥದ್ದೇ ಗುಂಪು ಕಟ್ಟಬೇಕು ಅಂದುಕೊಂಡವರು ನನ್ನನ್ನು ಕೇಳುವುದು ಒಂದೇ ಮಾತು, ಯಾವುದರಿಂದ ಶುರು ಮಾಡೋಣ ಅಂತ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೋಲಿಸುವಾಗ ನಾನು ಮೂರು ವಿಷಯ ನೋಡುತ್ತೇನೆ. ವಾರ ಕಳೆದ ಮೇಲೂ ಮಕ್ಕಳು ಅದರ ಮಾತು ಎತ್ತುತ್ತಾರಾ? ದೊಡ್ಡವರಿಗೆ ಎಷ್ಟು ಕೆಲಸ ಬೀಳುತ್ತದೆ? ಮೂರನೆಯದು ನನಗೆ ತಡವಾಗಿ ಹೊಳೆಯಿತು. ಯಾವ ದೇಶದ ಬಗ್ಗೆ ಮಾತಾಡುತ್ತಿದ್ದೇವೋ ಆ ದೇಶದ ಮಗು ಆ ಹೊತ್ತಿನಲ್ಲಿ ಆರಾಮಾಗಿ ಕೂತಿದೆಯಾ? ಈಗ ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಎಲ್ಲರಂತೆ ನಾವೂ ತಿಂಗಳಿಗೊಂದು ದೇಶ ಅಂತಲೇ ಶುರು ಮಾಡಿದೆವು. ಒಂದು ದೊಡ್ಡ ಚಾರ್ಟ್. ಅದರ ಮೇಲೆ ಬಾವುಟ, ರಾಜಧಾನಿ, ನಾಣ್ಯ, ಒಂದು ಹೆಸರಾಂತ ಕಟ್ಟಡ, ಹಬ್ಬದ ಉಡುಪಿನ ಚಿತ್ರ. ಮೊದಲ ತಿಂಗಳು ಜಪಾನ್. ಫ್ಯೂಜಿ ಬೆಟ್ಟ, ಕಿಮೋನೊ ಎಲ್ಲ ಅಂಟಿಸಿ ಆಯಿತು. ಆ ಮನೆಯ ಎಂಟು ವರ್ಷದ ಹುಡುಗನ ಕಡೆ ಎಲ್ಲರೂ ತಿರುಗಿ ನೋಡಿದರು. ಅವನು, 'ನಮ್ಮ ಅಜ್ಜಿ ಮನೇಲಿ ಯಾರೂ ದಿನಾ ಇದನ್ನ ಹಾಕಲ್ಲ' ಅಂದ. ಆಮೇಲೆ ಮಾತೇ ಆಡಲಿಲ್ಲ. ಇಡೀ ದೇಶದ ಪರವಾಗಿ ಉತ್ತರ ಹೇಳುವ ಹೊರೆಯನ್ನು ಎಂಟು ವರ್ಷದ ಮಗುವಿನ ತಲೆ ಮೇಲೆ ಹೊರಿಸಿದ್ದೆವು ನಾವು. ಅವತ್ತಿನ ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಅವತ್ತು ಮಕ್ಕಳ ಮನಸ್ಸಿಗೆ ನಾಟಿದ್ದು ಚಾರ್ಟಿನಲ್ಲಿ ಇಲ್ಲದ ಸಂಗತಿ. ಹೊರಡುವ ಹೊತ್ತಿಗೆ ಯಾರೋ, ಅಲ್ಲಿ ನಿನ್ನ ಅಣ್ಣ ತಂಗಿಯರು ಶಾಲೆಯಲ್ಲಿ ಏನು ಮಾಡುತ್ತಾರೆ ಅಂತ ಅವನನ್ನು ಕೇಳಿದರು. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿ ಗುಡಿಸಿ ಒರೆಸುತ್ತಾರೆ, ಬಗ್ಗಿ ಎರಡೂ ಕೈಯಿಂದ ಬಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಕಾರಿಡಾರಿನ ಉದ್ದಕ್ಕೂ ಓಡುತ್ತಾರೆ ಅಂತ ಅವನು ಮಾಡಿ ತೋರಿಸಿದ. ಮುಂದಿನ ಹತ್ತು ನಿಮಿಷ ಹದಿಮೂರು ಮಕ್ಕಳೂ ಹಜಾರ ಒರೆಸಿದರು.

ಈ ದಾರಿಯಲ್ಲಿ ಕೆಲಸವೂ ಜಾಸ್ತಿ. ಚಾರ್ಟ್ ಮಾಡುವುದು ಕೊನೆಗೆ ತಾಯಂದಿರ ಪಾಲಿಗೇ ಬಂತು. ಇನ್ನೊಂದು ತೊಂದರೆಯೂ ಇದೆ, ದೇಶ ಅಂದರೆ ಅಲ್ಲಿ ಇರುವುದು ಒಂದೇ ಥರದ ಜನ ಅನ್ನುವ ಭಾವನೆ ಮಕ್ಕಳಲ್ಲಿ ಕೂತುಬಿಡುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಇದರಲ್ಲಿ ನಾವು ಉಳಿಸಿಕೊಂಡದ್ದು ಭೂಪಟ ಮಾತ್ರ. ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ದೊಡ್ಡ ಮಕ್ಕಳಿಗೆ ಗ್ಲೋಬ್ ಕೊಟ್ಟೆವು. ತೆಳು ಕಾಗದವನ್ನು ಗ್ರೀನ್‌ಲ್ಯಾಂಡ್ ಮೇಲೆ ಇಟ್ಟು ಕತ್ತರಿಸಿ, ಅದನ್ನು ಆಫ್ರಿಕಾದ ಮೇಲೆ ಇಡುತ್ತಾ ಹೋದರು. ಸುಮಾರು 14 ಸಲ ಹಿಡಿಯಿತು. ಗ್ರೀನ್‌ಲ್ಯಾಂಡ್ 21 ಲಕ್ಷ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಆಫ್ರಿಕಾ 3 ಕೋಟಿ ದಾಟುತ್ತದೆ. 1569ರಲ್ಲಿ ಮರ್ಕೇಟರ್ ಅನ್ನುವ ನಕ್ಷೆಗಾರ ಬರೆದ ಆ ಬಗೆಯ ನಕ್ಷೆ ಹಡಗಿನವರಿಗಾಗಿ ಮಾಡಿದ್ದು. ಅದರ ಮೇಲೆ ನೇರ ಗೆರೆ ಎಳೆದರೆ ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋಗಬಹುದು. ಅದಕ್ಕಾಗಿ ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಿದ್ದಾರೆ. ಕೆನ್ಯಾದ ತಾಯಿಯ ಮಗಳು ಆ ಕಾಗದದ ಚೂರನ್ನು ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಎರಡನೆಯದು ತಿಂಗಳು ತಿಂಗಳು ಮನೆಗೆ ಬರುವ ಪೆಟ್ಟಿಗೆ. ಒಳಗೆ ಆಟದ ಪಾಸ್‌ಪೋರ್ಟ್, ಸ್ಟಿಕರ್, ಅಂಟಿಸಿ ಮಾಡುವ ಒಂದು ಕರಕುಶಲ ವಸ್ತು. ದೊಡ್ಡವರಿಗೆ ಕೆಲಸವೇ ಇಲ್ಲ, ಅದೊಂದೇ ಲಾಭ. ಬಿಚ್ಚುವಾಗ ಇದ್ದ ಸಂಭ್ರಮ ಮರುದಿನ ಇರುತ್ತಿರಲಿಲ್ಲ. ನಾಲ್ಕನೇ ತಿಂಗಳು ಬಂದ ಪೆಟ್ಟಿಗೆಯ ಮೇಲೆ ದೇಶದ ಹೆಸರಿನ ಜಾಗದಲ್ಲಿ 'ಆಫ್ರಿಕಾ' ಅಂತ ಇತ್ತು. ಐವತ್ತನಾಲ್ಕು ದೇಶಗಳು ಒಂದೇ ಪೆಟ್ಟಿಗೆಯಲ್ಲಿ! ಘಾನಾ ಮತ್ತು ಕೆನ್ಯಾದ ಮಕ್ಕಳು ಇರುವ ಮನೆಯಲ್ಲಿ ಅದನ್ನು ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ಅಲ್ಲಿಗೆ ನಿಲ್ಲಿಸಿದೆವು. ಒಂಟಿಯಾಗಿ ಕೂತು ಕತ್ತರಿಸಿ ಅಂಟಿಸಲು ಇಷ್ಟಪಡುವ ಮಗುವಿಗೆ ಸರಿಹೋಗಬಹುದು. ಗುಂಪಿಗೆ ಬೇಡ.

ಪೋಸ್ಟ್‌ಕಾರ್ಡ್ ಕಥೆ ಬೇರೆ. ಪೋಸ್ಟ್‌ಕ್ರಾಸಿಂಗ್ ಅನ್ನುವ ವ್ಯವಸ್ಥೆ 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾಯಿತು. ಯಾವುದೋ ದೇಶದ ಅಪರಿಚಿತರ ವಿಳಾಸ ಸಿಗುತ್ತದೆ, ಅವರಿಗೆ ಕಾರ್ಡ್ ಕಳಿಸಬೇಕು. ಕಾರ್ಡ್ ಮೇಲೆ ಬರೆದ ಸಂಖ್ಯೆಯನ್ನು ಅವರು ದಾಖಲಿಸಿದ ಮೇಲೆ ನಮ್ಮ ವಿಳಾಸ ಇನ್ಯಾರಿಗೋ ಹೋಗುತ್ತದೆ, ಅವರಿಂದ ನಮಗೆ ಕಾರ್ಡ್ ಬರುತ್ತದೆ. ನಾವು ಕಳಿಸುವುದು ಒಬ್ಬರಿಗೆ, ನಮಗೆ ಕಳಿಸುವವರೇ ಬೇರೆ. ಖಾತೆ ಒಬ್ಬ ದೊಡ್ಡವರ ಹೆಸರಲ್ಲೇ ಇರಲಿ. ವಿಳಾಸ ಬರೆಯುವುದು, ಬಂದದ್ದನ್ನು ಮೊದಲು ಓದಿ ನೋಡುವುದು ಅವರ ಕೆಲಸ. ಇದರಲ್ಲಿ ಸಡಿಲ ಬಿಡಬೇಡಿ.

ಕಾರ್ಡಿನ ಚಿತ್ರಕ್ಕಿಂತ ಸ್ಟಾಂಪ್ ಜಾಸ್ತಿ ಮಾತಾಡಿಸಿತು. ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಸ್ಟಾಂಪ್ ಮೇಲೆ 'ಹೆಲ್ವೇಷಿಯಾ' ಅಂತ ಇತ್ತು. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ನಾಲ್ಕು ಭಾಷೆಗಳು. ಯಾವುದಕ್ಕೂ ಪಕ್ಷಪಾತ ಆಗದ ಹಾಗೆ ಲ್ಯಾಟಿನ್ ಹೆಸರು ಹಾಕುತ್ತಾರೆ. ಫಿನ್‌ಲ್ಯಾಂಡಿನದರ ಮೇಲೆ 'ಸುವೋಮಿ'. ಬ್ರಿಟನ್ನಿನದರ ಮೇಲೆ ಹೆಸರೇ ಇಲ್ಲ, ರಾಜರ ತಲೆ ಮಾತ್ರ. 1840ರಲ್ಲಿ ಮೊದಲು ಅಂಚೆ ಚೀಟಿ ತಂದವರು ಅವರು, ಆಗ ಹೆಸರು ಹಾಕುವ ಅಗತ್ಯವೇ ಇರಲಿಲ್ಲ. ಒಂದು ದೇಶವನ್ನು ನಾವು ಕರೆಯುವ ಹೆಸರು ಬೇರೆ, ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬೇರೆ ಇರಬಹುದು ಅಂತ ಮಕ್ಕಳಿಗೆ ಗೊತ್ತಾದದ್ದು ಹೀಗೆ.

ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. 'ಸ್ಟಾಂಪಿನ ದುಡ್ಡು ಇಲ್ಲಿ ಕೊಟ್ಟಿದ್ದೇವೆ. ಅಲ್ಲಿಯ ಪೋಸ್ಟ್‌ಮ್ಯಾನ್ ಯಾಕೆ ಸುಮ್ನೆ ತಂದುಕೊಡಬೇಕು?' ಅದಕ್ಕೆ ಉತ್ತರ ಹುಡುಕುತ್ತಾ 1874ಕ್ಕೆ ಹೋದೆವು. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ 22 ದೇಶಗಳು ಕೂತು, ಅಂಚೆಯ ಮಟ್ಟಿಗೆ ನಾವೆಲ್ಲ ಒಂದೇ ಪ್ರದೇಶ ಅಂತ ಒಪ್ಪಂದ ಮಾಡಿಕೊಂಡಿದ್ದವು. ಅದಕ್ಕೂ ಮೊದಲು ದೇಶ ದೇಶದ ನಡುವೆ ಬೇರೆ ಬೇರೆ ದರ, ಬೇರೆ ಬೇರೆ ಕರಾರು.

ಇದರ ಕೊರತೆ ಒಂದೇ, ಕಾಯಬೇಕು. ವಾರಗಟ್ಟಲೆ ಕಾಯಬೇಕು. ಓದು ಬರಹ ಬಂದ ಮಕ್ಕಳಿಗೆ ಆ ಕಾಯುವಿಕೆಯೇ ಖುಷಿ. ಐದು ವರ್ಷದವರಿಗೆ ಕಳಿಸಿದ್ದೇ ಮರೆತುಹೋಗಿರುತ್ತದೆ.

ನಾಲ್ಕನೆಯದು ವಿಡಿಯೊ ಕರೆ. ದೂರದ ಶಾಲೆಗಳ ಜೊತೆ ಮಾತಾಡಿಸಲು ನೋಡಿದೆವು. ಆ ಕಡೆ ಮೂವತ್ತು ಮಕ್ಕಳು, ಈ ಕಡೆ ಹದಿಮೂರು. ಕೈ ಬೀಸಿದ್ದಷ್ಟೇ ಆಯಿತು. ಆಮೇಲೆ ನಮ್ಮ ಗುಂಪಿನ ಅಜ್ಜ ಅಜ್ಜಿಯರನ್ನೇ ಕರೆಯಲು ಶುರು ಮಾಡಿದೆವು. ಅಲ್ಲಿಂದ ಎಲ್ಲ ಬದಲಾಯಿತು.

ಕೆನ್ಯಾದ ಅಜ್ಜಿ ಮೊಂಬಾಸಾದಲ್ಲಿ ಇದ್ದಾರೆ. ಒಬ್ಬ ಹುಡುಗ, 'ಅಜ್ಜಿ, ಅಲ್ಲಿ ಈಗ ಗಂಟೆ ಎಷ್ಟು?' ಅಂದ. ಅವರು ಸ್ವಾಹಿಲಿಯಲ್ಲಿ 'ಸಾ ನ್ನೆ' ಅಂದರು. ಮಗಳು ಅನುವಾದ ಮಾಡಿದರು, 'ನಾಲ್ಕು ಗಂಟೆ.' ಆದರೆ ಅಜ್ಜಿಯ ಹಿಂದೆ ಗೋಡೆ ಗಡಿಯಾರ ಕಾಣುತ್ತಿತ್ತು, ಅದರಲ್ಲಿ ಹತ್ತು. ಮಕ್ಕಳು ಗಡಿಯಾರ ಕೆಟ್ಟಿದೆ ಅಂದರು. ಅಜ್ಜಿ ಕೆಟ್ಟಿಲ್ಲ ಅಂದರು. ಯಾರೂ ಕೂಡಲೇ ಉತ್ತರ ಹೇಳಲಿಲ್ಲ, ಅದು ಒಳ್ಳೆಯದಾಯಿತು. ಸ್ವಲ್ಪ ಹೊತ್ತಿಗೆ ಜಪಾನಿನ ಹುಡುಗನೇ ಕಂಡುಹಿಡಿದ, ಹತ್ತರ ಎದುರುಗಡೆ ಇರುವ ಅಂಕಿ ನಾಲ್ಕು! ಸ್ವಾಹಿಲಿಯಲ್ಲಿ ಹಗಲಿನ ಗಂಟೆ ಬೆಳಗಾದಲ್ಲಿಂದ ಎಣಿಸುತ್ತಾರೆ. ನಾವು ಏಳು ಅನ್ನುವುದು ಅವರಿಗೆ ಒಂದು. ಸಮಭಾಜಕ ವೃತ್ತದ ಹತ್ತಿರ ವರ್ಷಪೂರ್ತಿ ಸೂರ್ಯ ಹೆಚ್ಚುಕಡಿಮೆ ಆರಕ್ಕೇ ಹುಟ್ಟುವುದರಿಂದ ಆ ಲೆಕ್ಕ ಸಲೀಸು. ಗಡಿಯಾರದಲ್ಲಿ ಮುಳ್ಳಿನ ಎದುರಿನ ಅಂಕಿ ಓದಿದರೆ ಆಯಿತು. ಇಥಿಯೋಪಿಯಾದಲ್ಲೂ ಹೀಗೇ, ಮೇಲಾಗಿ ಅಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಎರಡು ತಿಂಗಳು ನನ್ನ ಮಗಳು ಮನೆಯಲ್ಲಿ ಗಂಟೆ ಹೇಳಿದ್ದು ಅಜ್ಜಿಯ ಲೆಕ್ಕದಲ್ಲೇ.

ಪೆಟ್ಟಿಗೆಯಿಂದ ಇದು ಬರುವುದು ಸಾಧ್ಯವಿಲ್ಲ, ಅಲ್ವಾ? ಎದುರಿಗೆ ಒಬ್ಬ ಮನುಷ್ಯರು ಇರಬೇಕು. ಮಕ್ಕಳು ಮರುಪ್ರಶ್ನೆ ಕೇಳಬೇಕು. ತಯಾರಿ ಏನೂ ಬೇಡ, ಸಮಯ ಹೊಂದಿಸುವುದೊಂದೇ ಕಷ್ಟ. ಅರ್ಧ ಗಂಟೆ ಸಾಕು, ಅಜ್ಜ ಅಜ್ಜಿಯರಿಗೂ ದಣಿವಾಗುತ್ತದೆ.

ಈ ಕರೆಯಿಂದಲೇ ಐದನೆಯ ದಾರಿ ಹುಟ್ಟಿದ್ದು. ದೇಶ ಹಿಡಿದು ಅದರ ಬಗ್ಗೆ ಎಲ್ಲ ಹೇಳುವ ಬದಲು ಒಂದು ಚಿಕ್ಕ ಪ್ರಶ್ನೆ ಹಿಡಿದು ಎಲ್ಲ ಮನೆಗಳನ್ನೂ ಕೇಳುವುದು. ಮೊದಲ ಪ್ರಶ್ನೆ, ನಿಮ್ಮಲ್ಲಿ ಹೆಸರು ಹೇಗೆ ಇಡುತ್ತಾರೆ?

ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಜಪಾನಿನಲ್ಲೂ ಹಾಗೇ! ಇಷ್ಟು ದೂರದ ಎರಡು ಮನೆಯ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕೈ ತಟ್ಟಿದರು. ಸ್ಪೇನಿನವರಿಗೆ ಎರಡು ಮನೆತನದ ಹೆಸರು, ಅಪ್ಪನದೊಂದು ಅಮ್ಮನದೊಂದು. ಇಂಡೋನೇಷ್ಯಾದಲ್ಲಿ ಎಷ್ಟೋ ಜನರಿಗೆ ಇರುವುದೇ ಒಂದು ಹೆಸರು, ಅಲ್ಲಿಯ ಮೊದಲ ಅಧ್ಯಕ್ಷ ಸುಕರ್ಣೊ ಇದ್ದ ಹಾಗೆ. ಘಾನಾದ ತಂದೆ, ಹುಟ್ಟಿದ ವಾರದ ಮೇಲೆ ಹೆಸರು ಬರುತ್ತದೆ ಅಂದರು. ಶುಕ್ರವಾರ ಹುಟ್ಟಿದ ಗಂಡು ಮಗು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಕೂಡಲೇ ಎಲ್ಲರೂ ಫೋನಿನ ಕ್ಯಾಲೆಂಡರ್ ತೆಗೆದು ತಮ್ಮ ವಾರ ಹುಡುಕಿದರು. ಗುರುವಾರ ಹುಟ್ಟಿದ ನನ್ನ ಮಗಳು ಅವತ್ತಿನಿಂದ 'ಯಾ'.

ಅವರು ಇನ್ನೊಂದು ಮಾತು ಸೇರಿಸಿದರು. ಇದು ಘಾನಾದವರೆಲ್ಲರ ಪದ್ಧತಿಯಲ್ಲ, ಮುಖ್ಯವಾಗಿ ಅಕಾನ್ ಜನರದು, ಅಲ್ಲಿ ಇನ್ನೂ ಎಷ್ಟೋ ಸಮುದಾಯಗಳಿವೆ ಅಂತ. ಚಾರ್ಟ್ ಹೇಳದೆ ಬಿಟ್ಟದ್ದು ಇದನ್ನೇ. ಒಂದು ಮನೆ ತನ್ನ ಉತ್ತರ ಹೇಳುವಾಗ ಅದು 'ನಮ್ಮ ಮನೆಯಲ್ಲಿ ಹೀಗೆ' ಅಂತ ಬರುತ್ತದೆ. 'ನಮ್ಮ ದೇಶದಲ್ಲಿ ಹೀಗೆ' ಅನ್ನುವ ಭಾರ ಯಾರ ಮೇಲೂ ಬೀಳುವುದಿಲ್ಲ. ಮೊದಲ ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಅದೇ ಹುಡುಗ ಈಗ ಎಲ್ಲರಿಗಿಂತ ಮುಂದೆ ಕೈ ಎತ್ತುತ್ತಾನೆ.

ಎರಡನೇ ಪ್ರಶ್ನೆ, ಬಿದ್ದ ಹಾಲುಹಲ್ಲನ್ನು ಏನು ಮಾಡುತ್ತೀರಿ? ಸ್ಪೇನಿನಲ್ಲಿ ದಿಂಬಿನ ಕೆಳಗೆ ಇಟ್ಟರೆ ಪೆರೆಸ್ ಅನ್ನುವ ಇಲಿ ಬಂದು ಒಯ್ಯುತ್ತದೆ. ಜಪಾನಿನಲ್ಲಿ ಕೆಳಗಿನ ಹಲ್ಲು ಬಿದ್ದರೆ ಛಾವಣಿಯ ಮೇಲೆ ಎಸೆಯುತ್ತಾರೆ, ಮೇಲಿನದು ಬಿದ್ದರೆ ನೆಲದ ಕಡೆ. ಹೊಸ ಹಲ್ಲು ಆ ದಿಕ್ಕಿಗೆ ನೇರವಾಗಿ ಬೆಳೆಯಲಿ ಅಂತ. ಗುಂಪಿನಲ್ಲಿ ಒಂದು ಮಗುವಿನ ಹಲ್ಲು ಅಲ್ಲಾಡುತ್ತಿತ್ತು. ಯಾರ ಪದ್ಧತಿ ಮಾಡಲಿ ಅಂತ ಅವಳು ಎರಡು ವಾರ ಯೋಚಿಸಿದಳು.

ಈ ದಾರಿಯಲ್ಲೂ ಎಡವಿದ್ದೇವೆ. ನಿನ್ನ ಹೆಸರು ಯಾರು ಇಟ್ಟರು ಅಂತ ಕೇಳಿದಾಗ, ಅಪ್ಪನ ಕಡೆಯವರ ಸಂಪರ್ಕವೇ ಇಲ್ಲದ ಒಂದು ಮಗು ತಲೆ ತಗ್ಗಿಸಿತು. ಅಂದಿನಿಂದ ಪ್ರಶ್ನೆಯನ್ನು ಒಂದು ವಾರ ಮೊದಲೇ ತಂದೆ ತಾಯಿಯರಿಗೆ ತಿಳಿಸುತ್ತೇವೆ. ಯಾರಾದರೂ ಬೇಡ ಅಂದರೆ ಕಾರಣ ಕೇಳದೆ ಬದಲಿಸುತ್ತೇವೆ. 'ವಿಚಿತ್ರ' ಅನ್ನುವ ಪದವನ್ನೂ ದೂರ ಇಟ್ಟಿದ್ದೇವೆ. ಬೇರೆಯವರ ಉತ್ತರಕ್ಕೆ ಏನಾದರೂ ಹೇಳಬೇಕಿದ್ದರೆ ಮೊದಲು ತಮ್ಮ ಮನೆಯ ಉತ್ತರ ಹೇಳಬೇಕು.

ತೀರ ಚಿಕ್ಕವರಿಗೆ ಪ್ರಶ್ನೆಗಿಂತ ಆಟ ಮೇಲು. ಕಲ್ಲು, ಕಾಗದ, ಕತ್ತರಿ ಆಟ ಇಂಡೋನೇಷ್ಯಾದಲ್ಲಿ ಆನೆ, ಮನುಷ್ಯ, ಇರುವೆ. ಹೆಬ್ಬೆರಳು ಆನೆ, ತೋರುಬೆರಳು ಮನುಷ್ಯ, ಕಿರುಬೆರಳು ಇರುವೆ. ಆನೆ ಮನುಷ್ಯನನ್ನು ಗೆಲ್ಲುತ್ತದೆ, ಮನುಷ್ಯ ಇರುವೆಯನ್ನು, ಇರುವೆ ಆನೆಯನ್ನು. ಐದು ವರ್ಷದವರು ಮನೆಗೆ ಹೋಗುವವರೆಗೂ ಆಡುತ್ತಾರೆ. ಇರುವೆ ಗೆದ್ದಾಗ ಅವರ ಕೂಗು ನೋಡಬೇಕು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು. ಪ್ರಶ್ನೆಯಿಂದ ಶುರು ಮಾಡಿ. ಎರಡು ತಿಂಗಳಿಗೊಮ್ಮೆ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಕರೆಯಲ್ಲಿ ಕೂರಿಸಿ. ಎಂಟು ದಾಟಿದ ಮಕ್ಕಳಿದ್ದರೆ ಪೋಸ್ಟ್‌ಕಾರ್ಡ್ ಸೇರಿಸಿ. ಎಲ್ಲರೂ ಒಂದೇ ಕಡೆಯವರಾದರೆ ಪ್ರಶ್ನೆಗೆ ಉತ್ತರ ಕಡಿಮೆ ಸಿಗುತ್ತದೆ, ಆಗ ಪೋಸ್ಟ್‌ಕಾರ್ಡ್ ಮೊದಲು ಇರಲಿ.

ಮುಂದಿನ ಸಲದ ನಮ್ಮ ಪ್ರಶ್ನೆ, ಬೆರಳಲ್ಲಿ ಹೇಗೆ ಎಣಿಸುತ್ತೀರಿ? ಜಪಾನಿನ ತಂದೆ ಅಂಗೈ ಬಿಡಿಸಿ ಹೆಬ್ಬೆರಳಿನಿಂದ ಶುರು ಮಾಡಿ ಮಡಚುತ್ತಾರೆ. ಹಂಗೇರಿಯ ತಾಯಿ ಮುಷ್ಟಿ ಹಿಡಿದು ಹೆಬ್ಬೆರಳಿನಿಂದಲೇ ಶುರು ಮಾಡಿ ಬಿಡಿಸುತ್ತಾರೆ. ಚೀನಾದಲ್ಲಿ ಒಂದೇ ಕೈಯಲ್ಲಿ ಹತ್ತರವರೆಗೆ ತೋರಿಸುತ್ತಾರೆ ಅಂತ ನನ್ನ ಮಗಳು ಈಗಾಗಲೇ ಕಲಿಯುತ್ತಿದ್ದಾಳೆ. ಆರು ಬಂದಿದೆ, ಏಳಕ್ಕೆ ಬೆರಳು ಇನ್ನೂ ಕೂಡುತ್ತಿಲ್ಲ.